ಕೊನೆಯ ಗೇಣು

ಚೆಂಡು ಡಬ್ಬಕ್ಕೆ ಬೀಳುವ ಸದ್ದನ್ನು ನಾನು ಕೇಳಿದ್ದಕ್ಕಿಂತ ಕೇಳದೆ ಬಿಟ್ಟದ್ದೇ ಹೆಚ್ಚು. ಗಾಲ್ಫ್ ಆಡಿಯೇ ಹೊಟ್ಟೆ ಹೊರೆದವನು ಹೀಗೆ ಹೇಳಿದರೆ ನಗು ಬರುತ್ತದೆ, ಬರಲಿ. ಊರಿಗೆಲ್ಲ ಬಡಿಸುವ ಅಡುಗೆಭಟ್ಟ ತಾನು ಪಂಕ್ತಿಯಲ್ಲಿ ಕೂತು ಉಂಡದ್ದು ಎಷ್ಟು ಸಲ ಎಂದು ಕೇಳಿ ನೋಡಿ. ಅವನೂ ಇಂಥದ್ದೇ ಮಾತು ಹೇಳುತ್ತಾನೆ.

ನಮ್ಮೂರಿನ ಮೈದಾನದಲ್ಲಿ ಪ್ರತಿ ಕುಳಿಯೊಳಗೂ ಒಂದು ತಗಡಿನ ಡಬ್ಬ ಹೂತಿರುತ್ತಿತ್ತು. ಚೆಂಡು ಅದರ ಅಂಚಿಗೆ ಬಂದು, ಹೋಗಲೋ ಬೇಡವೋ ಎಂದು ಯೋಚಿಸಿ ಒಳಗೆ ಬಿದ್ದಾಗ ಟಣಕ್ ಎನ್ನುತ್ತಿತ್ತು. ಕಾರಿನ ಶೆಡ್ಡಿನ ಹಿಂದಿದ್ದ ನಮ್ಮ ಮನೆಗೆ ಬೆಳಗಿನ ಹೊತ್ತು ಆ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಅಪ್ಪ ಹತ್ತಿ ಮಿಲ್ಲಿನ ಯಜಮಾನರಾದ ಮುರುಗೇಂದ್ರಪ್ಪನವರ ಕಾರು ಓಡಿಸುತ್ತಿದ್ದ. ಅವರ ಬಂಗಲೆಯ ಕಾಂಪೌಂಡಿನಲ್ಲೇ ನಮ್ಮ ಮನೆ, ಹಿಂಗೋಡೆ ದಾಟಿದರೆ ಮೈದಾನ. ಮೈದಾನದಲ್ಲಿ ದಿನವೂ ಬೆಳಗ್ಗೆ ಯಜಮಾನರು ಒಬ್ಬರೇ. ಟಣಕ್ ಎಂದ ಕೂಡಲೇ ಅಮ್ಮ, "ದೊಡ್ಡೋರು ಎದ್ದಾಯ್ತು" ಎಂದು ಅಪ್ಪನನ್ನು ಎಬ್ಬಿಸುತ್ತಿದ್ದಳು. ನಮ್ಮ ಮನೆಗೆ ಬೇರೆ ಗಡಿಯಾರ ಇರಲಿಲ್ಲ.

ಒಂದು ದಿನ ಆ ಗೋಡೆಯ ಮೇಲೆ ಕೂತಿದ್ದ ನನ್ನನ್ನು ಯಜಮಾನರು ಕರೆದು, ತಮ್ಮ ಹಳೆಯ ಸ್ಟಿಕ್ಕೊಂದನ್ನು ನನ್ನೆತ್ತರಕ್ಕೆ ಕತ್ತರಿಸಿಕೊಟ್ಟರು. ನಾನು ಹೊಡೆದ ಚೆಂಡು ಎಲ್ಲಿ ಬಿತ್ತೆಂದು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಇವನನ್ನ ನನಗೆ ಬಿಟ್ಬಿಡಯ್ಯ" ಅಂದರು. ಅಪ್ಪ ಹಿಗ್ಗಿ ಹೀರೇಕಾಯಿಯಾದ. ಏನನ್ನು ಬಿಟ್ಟುಕೊಡುತ್ತಿದ್ದೇನೆಂದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಪಾಪ, ಯಜಮಾನರಿಗೂ ಆಗ ತಿಳಿದಿರಲಾರದು.

ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಿಬಿಡಬೇಕು. ದೂರದಿಂದ ಚೆಂಡು ಹೊಡೆದುಕೊಂಡು ಬಂದು ಕುಳಿಗೆ ಹಾಕುವುದು ಆಟ. ಕುಳಿಯ ಸುತ್ತಲಿನ ನುಣುಪಾದ ಜಾಗಕ್ಕೆ ಗ್ರೀನು ಎನ್ನುತ್ತಾರೆ. ಇಬ್ಬರು ಸ್ನೇಹಕ್ಕೆಂದು ಆಡುವಾಗ ಒಬ್ಬನ ಚೆಂಡು ಕುಳಿಯ ತೀರ ಹತ್ತಿರ ಬಂದು ನಿಂತರೆ, ಇದನ್ನು ಇವನು ಹಾಕಿಯೇ ಹಾಕುತ್ತಾನೆ ಎಂಬ ನಂಬಿಕೆಯ ಮೇಲೆ ಇನ್ನೊಬ್ಬ "ಸಾಕು" ಎನ್ನುತ್ತಾನೆ. ಆ ಕೊನೆಯ ಗೇಣನ್ನು ಆಡಬೇಕಾಗಿಲ್ಲ. ಚೆಂಡು ಎತ್ತಿಕೊಂಡು ಮುಂದೆ ನಡೆಯಬಹುದು. ಅದು ಮರ್ಯಾದೆಯ ಪದ್ಧತಿ, ದೊಡ್ಡ ಮನಸ್ಸಿನ ಗುರುತು. ಪೆಟ್ಟು ಎಣಿಸುವ ದೊಡ್ಡ ಸ್ಪರ್ಧೆಗಳಲ್ಲಿ ಮಾತ್ರ ಅದು ನಡೆಯುವುದಿಲ್ಲ. ಅಲ್ಲಿ ಕೂದಲೆಳೆಯಷ್ಟು ದೂರವಿದ್ದರೂ ಚೆಂಡು ಒಳಗೆ ಬೀಳಲೇಬೇಕು.

ಯಜಮಾನರದು ಧಾರಾಳದ ಕೈ. ನನ್ನ ಚೆಂಡು ಕುಳಿಯ ಬಳಿ ಸುಳಿದರೆ ಸಾಕು, "ಸಾಕು ಬಿಡಯ್ಯ, ಎತ್ಕೋ" ಎನ್ನುತ್ತಿದ್ದರು. ನಾನು ಬಗ್ಗಿ ಚೆಂಡೆತ್ತಿ, ಅವರತ್ತ ತಲೆಬಾಗಿ, ಗ್ರೀನಿನ ಆಚೆ ನಿಂತಿರುತ್ತಿದ್ದ ಅವರ ಬಳಿಗೆ ಹೋಗಿ ಅದನ್ನು ಅವರ ಅಂಗೈಯಲ್ಲಿಡುತ್ತಿದ್ದೆ. ಅವರು ತಮ್ಮ ಬಿಳಿ ಕರವಸ್ತ್ರದಲ್ಲಿ ಚೆಂಡು ಒರೆಸಿ ನನಗೆ ವಾಪಸು ಕೊಡುತ್ತಿದ್ದರು. ಮಿಲ್ಲಿನ ಯಜಮಾನರು ಡ್ರೈವರನ ಮಗನ ಚೆಂಡು ಒರೆಸಿಕೊಡುವುದೆಂದರೇನು! ನೋಡಿದವರು ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಆ ಪ್ರೀತಿ ನಿಜವಾದದ್ದು. ಸುಳ್ಳು ಪ್ರೀತಿಯಾಗಿದ್ದರೆ ಎಂದೋ ಕಿತ್ತುಕೊಂಡು ಓಡುತ್ತಿದ್ದೆ.

ಪ್ರತಿಯಾಗಿ ನಾನು ಕೊಡಬೇಕಾಗಿದ್ದ "ಸಾಕು" ಬೇರೆ ಅಳತೆಯದು. ಅವರ ಚೆಂಡು ಕುಳಿಯಿಂದ ಒಂದು ಮಂಚದುದ್ದ ದೂರ ನಿಂತರೂ ನಾನು "ಸಾಕು ಯಜಮಾನ್ರೇ" ಎನ್ನಬೇಕು. ಅದನ್ನು ಹೇಳುವುದೂ ಒಂದು ವಿದ್ಯೆ. ಬೇಗ ಹೇಳಿದರೆ ಅವರಿಗೆ ಅವಮಾನ. ತಡ ಮಾಡಿದರೆ ಅವರ ಕೈ ನಡುಗುವುದು ಕಾಣುತ್ತಿತ್ತು. ಅಷ್ಟು ದೊಡ್ಡ ಮನುಷ್ಯನಿಗೆ ಆ ಸಣ್ಣ ಪೆಟ್ಟೆಂದರೆ ಹೆದರಿಕೆ. ಒಬ್ಬರೇ ಇದ್ದಾಗ ಬೆಳಗಿನ ಟಣಕ್ ಸರಾಗವಾಗಿ ಕೇಳುತ್ತಿತ್ತು. ಎದುರಿಗೆ ಒಂದು ಜೊತೆ ಕಣ್ಣಿದ್ದರೂ ಅವರ ಕೈ ಓಡುತ್ತಿರಲಿಲ್ಲ. ಇದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದಲೇ ಅವರು ನನ್ನನ್ನು ಬಿಟ್ಟು ಬೇರೆ ಯಾರ ಜೊತೆಗೂ ಆಡುತ್ತಿರಲಿಲ್ಲ.

ನಮ್ಮೂರಿನ ಗ್ರೀನುಗಳು ಹೆಸರಿಗೆ ಮಾತ್ರ ಹಸಿರು. ಕಪ್ಪು ಮಣ್ಣಿನ ಸೀಮೆ, ನೀರಿಲ್ಲ. ಮರಳಿಗೆ ಸುಟ್ಟ ಎಂಜಿನ್ ಎಣ್ಣೆ ಬೆರೆಸಿ, ಹಲಗೆ ಎಳೆದು ನುಣುಪು ಮಾಡಿರುತ್ತಿದ್ದರು. ನಾನು ಹೊರಗಿನ ಸ್ಪರ್ಧೆಗಳಿಗೆ ಹೋಗತೊಡಗಿದಾಗ ಹುಲ್ಲಿನ ಮೇಲೆ ತಡವರಿಸಿದೆ. ಯಜಮಾನರು ಒಂದು ಮಾತೂ ಆಡದೆ ಬಂಗಲೆಯ ಹಿಂದಿನ ಗ್ರೀನಿಗೆ ದೂರದಿಂದ ಹುಲ್ಲು ತರಿಸಿ ನೆಡಿಸಿದರು. ಊರಿನ ನಲ್ಲಿಗಳಲ್ಲಿ ಗಾಳಿ ಬರುತ್ತಿದ್ದ ದಿನಗಳಲ್ಲೂ ಅದಕ್ಕೆ ನೀರು ಬೀಳುತ್ತಿತ್ತು. ಕೊಡ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು ನಾನು ಹಾದುಹೋಗುವಾಗ, "ನಮ್ಮ ನೀರು ಕುಡಿಯೋ ಹುಲ್ಲಿನ ಯಜಮಾನ ಬಂದ" ಎಂದು ಆಡಿಕೊಳ್ಳುತ್ತಿದ್ದರು. ಆ ಹುಲ್ಲು ನನ್ನದಲ್ಲ, ಬೈಗುಳ ಮಾತ್ರ ನನ್ನದು.

ಅಲ್ಲಿಂದ ನಾನು ಗೆಲ್ಲತೊಡಗಿದೆ. ವೃತ್ತಿಯ ಆಟಗಾರನೆಂದು ಹೆಸರಾಯಿತು. ಪತ್ರಿಕೆಗಳು ನನ್ನನ್ನು "ಮಿಲ್ಲಿನ ಹುಡುಗ" ಎಂದು ಕರೆದವು. ಮೀಸೆ ನರೆಯುವ ಹೊತ್ತಿಗೂ ಆ ಹೆಸರೇ ಇತ್ತು. ಟೋಪಿಯ ಮೇಲೆ ಮಿಲ್ಲಿನ ಹೆಸರು, ಚೀಲದ ಮೇಲೆ ಮಿಲ್ಲಿನ ಹೆಸರು. ಗೆದ್ದ ಕಪ್ಪುಗಳು ಬಂಗಲೆಯ ಹಜಾರದಲ್ಲಿ ಗಾಜಿನ ಬೀರು ಸೇರಿದವು. "ನಿಮ್ಮನೇಲಿ ಎಲ್ಲಿಡ್ತೀಯಯ್ಯ, ಇಲಿ ಓಡಾಡ್ತವೆ" ಎಂದರು ಯಜಮಾನರು. ನಿಜವೇ, ಓಡಾಡುತ್ತಿದ್ದವು. ನನ್ನ ಮದುವೆಯನ್ನೂ ಅವರೇ ನಿಂತು ಮಾಡಿಸಿದರು. ಹುಡುಗಿಯನ್ನು ಕಾರಿನ ಶೆಡ್ಡಿನ ಹಿಂದಿನ ಅದೇ ಮನೆ ತುಂಬಿಸಿಕೊಂಡೆವು.

ಹುಡುಗಿಯ ಹೆಸರು ವನಜಾಕ್ಷಿ. ಬಂದ ಮೊದಲ ವಾರವೇ ಅವಳು ಗಮನಿಸಿದ್ದು, ನಮ್ಮ ಮನೆಗೆ ಬರುವವರೆಲ್ಲ ಬಂಗಲೆಯ ಗೇಟಿನಲ್ಲಿ ಹೆಸರು ಹೇಳಿ ಬರಬೇಕು ಎಂಬುದನ್ನು. ಅವಳ ತಾಯಿಯನ್ನು ಕಾವಲಿನವನು ಬಿಸಿಲಲ್ಲಿ ನಿಲ್ಲಿಸಿದ್ದ.

"ಏನ್ರೀ, ನಮ್ಮ ಬಾಗಿಲಿಗೆ ಒಂದು ಬೀಗಾನೂ ಇಲ್ವಲ್ಲ?" ಎಂದು ಕೇಳಿದಳು.

"ಕಾಂಪೌಂಡಿಗೇ ಕಾವಲಿದೆ. ಬೀಗ ಯಾಕೆ?"

"ಕಾವಲು ಅವರದು. ಬೀಗ ನಮ್ಮದಿರ್ಬೇಕಪ್ಪ."

ನಾನು ನಕ್ಕುಬಿಟ್ಟೆ. ಆದರೆ ಮಾತು ಒಳಗೆ ಮುಳ್ಳಿನ ಹಾಗೆ ಉಳಿಯಿತು. ಬೇರೆ ನಗರದ ದೊಡ್ಡ ಕ್ಲಬ್ಬೊಂದು ನನ್ನನ್ನು ಕರೆದಾಗ, ಅದನ್ನು ಹೇಳಲು ಯಜಮಾನರ ಮುಂದೆ ನಿಂತವನು ಕಾಫಿ ಕುಡಿದು ವಾಪಸು ಬಂದೆ. "ಅಲ್ಲಿ ನಿನ್ನ ಯಾರಯ್ಯ ನೋಡ್ಕೋತಾರೆ?" ಎಂದು ಅವರು ಕೇಳಿದರು. ಮನೆ ಅವರದು, ಅಪ್ಪನಿಗೆ ನಾಳೆ ವಯಸ್ಸಾದ ಮೇಲಿನ ಅನ್ನ ಅವರದು, ಅಮ್ಮನ ಔಷಧಿ ಅವರದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವರು ನನ್ನ ಹೆಗಲು ತಟ್ಟಿದರು.

ಬಾಗಿಲು ತೆರೆದದ್ದೂ ಅವರೇ. ದೇಶದ ದೊಡ್ಡ ಪಂದ್ಯಾವಳಿಗೆ ನಾನು ಆಯ್ಕೆಯಾದಾಗ ಹಜಾರದ ತುಂಬ ಜನ ಸೇರಿದ್ದರು. ಅದನ್ನು ಗೆದ್ದವನಿಗೆ ಹೊರದೇಶಗಳ ಸ್ಪರ್ಧೆಗಳಲ್ಲೆಲ್ಲ ಆಡುವ ಹಕ್ಕು ತಾನಾಗಿ ಬರುತ್ತಿತ್ತು. ಗೆದ್ದವನು ಊರಲ್ಲಿ ಕೂತಿರಲು ಸಾಧ್ಯವೇ ಇರಲಿಲ್ಲ. ಯಾರೋ ತಮಾಷೆಗೆ, "ಗೆದ್ದರೆ ಇವನನ್ನ ಬಿಡ್ತೀರಾ ಯಜಮಾನ್ರೇ?" ಎಂದರು. ಮುರುಗೇಂದ್ರಪ್ಪನವರು ಎದ್ದು ನಿಂತು, "ಗೆದ್ದು ಬರಲಿ, ನಾನೇ ಕೈಹಿಡಿದು ಕಳಿಸಿಕೊಡ್ತೀನಿ. ಗೆದ್ದವನನ್ನ ಹಿಡಿದಿಡೋದು ಪಾಪ" ಎಂದರು. ಮಾತಿಗೆ ತಪ್ಪುವ ಮನುಷ್ಯನಲ್ಲ ಅವರು. ಮಾರನೆಯ ದಿನವೇ ವನಜಾಕ್ಷಿ ಪೇಟೆಗೆ ಹೋಗಿ ಒಂದು ಹಿತ್ತಾಳೆ ಬೀಗ ತಂದು, ಸೀರೆಗಳ ನಡುವೆ ಇಟ್ಟಳು. ಯಾವ ಮನೆಗೆ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ಪಂದ್ಯಾವಳಿಯ ದಿನಗಳಲ್ಲಿ ನಾನು ಆಡಿದ ಹಾಗೆ ಮತ್ತೆಂದೂ ಆಡಲಿಲ್ಲ. ಚೆಂಡು ಹೇಳಿದ ಮಾತು ಕೇಳುತ್ತಿತ್ತು. ಪ್ರತಿ ಕುಳಿಯಲ್ಲೂ ಕೊನೆಯವರೆಗೂ ಆಡಿ, ಬೀಳುವ ಸದ್ದು ಕೇಳಿಯೇ ಮುಂದಕ್ಕೆ ಹೋಗುತ್ತಿದ್ದೆ. ಆ ಊರಿನ ಕುಳಿಗಳಲ್ಲಿ ತಗಡಿರಲಿಲ್ಲ, ಸದ್ದು ಮೆತ್ತಗಿತ್ತು. ಆದರೂ ಅದೊಂದು ಸುಖ. ಆ ಸದ್ದಿಗಾಗಿಯೇ ನಾನು ಹೊರಗಿನ ಸ್ಪರ್ಧೆಗಳಿಗೆ ಹಾತೊರೆಯುತ್ತಿದ್ದೆ ಎಂದರೂ ಸರಿ. ಯಜಮಾನರು ನನ್ನ ಯಾವ ಸ್ಪರ್ಧೆಗೂ ಬಂದವರಲ್ಲ. "ನಾನು ಬಂದ್ರೆ ನಿನಗೆ ದೃಷ್ಟಿಯಾಗುತ್ತೆ" ಎನ್ನುತ್ತಿದ್ದರು. ಹೀಗಾಗಿ ಆ ಹುಲ್ಲಿನ ಮೇಲೆ ಅವರ ದನಿ ಎಂದೂ ಕೇಳಿರಲಿಲ್ಲ.

ಕೊನೆಯ ದಿನ ಅವರು ಬಂದರು. ಬಿಳಿ ಪಂಚೆ, ಬಿಳಿ ಕೋಟು, ಕೈಯಲ್ಲಿ ಕೊಡೆ. ಕೊನೆಯ ಗ್ರೀನಿನ ಸುತ್ತ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಪಕ್ಕದಲ್ಲಿ, ನಮ್ಮೂರಲ್ಲಿ ಹೇಗೆ ನಿಲ್ಲುತ್ತಿದ್ದರೋ ಹಾಗೆಯೇ ನಿಂತಿದ್ದರು. ನಾನು ಒಂದು ಪೆಟ್ಟು ಮುಂದಿದ್ದೆ. ನನ್ನ ಚೆಂಡು ಕುಳಿಯಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು. ಕಣ್ಣು ಮುಚ್ಚಿ ಹಾಕಬಹುದಾದ ಗೇಣು. ನಾನು ಚೆಂಡಿನ ಬಳಿ ನಿಂತು, ವನಜಾಕ್ಷಿಯ ಸೀರೆಗಳ ನಡುವಿನ ಬೀಗವನ್ನು ನೆನೆದೆ. ಅದು ನೆನಪಿದೆ.

"ಸಾಕು ಬಿಡಯ್ಯ."

ದನಿ ಜೋರಾಗಿರಲಿಲ್ಲ. ಮೃದುವಾಗಿತ್ತು, ತುಂಬಿ ಬಂದ ದನಿ. ನಾನು ಬಗ್ಗಿದೆ. ಚೆಂಡೆತ್ತಿದೆ. ಅವರತ್ತ ತಲೆಬಾಗಿದೆ. ಗ್ರೀನು ದಾಟಿ ಹಗ್ಗದ ಬಳಿಗೆ ನಡೆದು ಅವರ ಅಂಗೈಯಲ್ಲಿ ಚೆಂಡಿಟ್ಟೆ. ಆಟ ಮುಗಿಯಿತೆಂದು ತಿಳಿದ ಜನ ಚಪ್ಪಾಳೆ ತಟ್ಟಿದರು. ಜೊತೆಯಲ್ಲಿ ಆಡುತ್ತಿದ್ದವನು ಕೈ ಬೀಸಿ ಏನೋ ಕೂಗುತ್ತಿದ್ದುದು ಆ ಚಪ್ಪಾಳೆಯಲ್ಲಿ ಮುಳುಗಿತು. ಯಜಮಾನರು ಕರವಸ್ತ್ರ ತೆಗೆದು ಚೆಂಡು ಒರೆಸುತ್ತಿದ್ದಾಗಲೇ ಪಂದ್ಯದ ಅಧಿಕಾರಿ ಓಡುತ್ತ ಬಂದ. ಅವನ ಮುಖ ನೋಡಿದ ಮೇಲೆಯೇ ನನಗೆ ನಾನೇನು ಮಾಡಿದೆನೆಂದು ಗೊತ್ತಾದದ್ದು. ಎತ್ತಿದ ಚೆಂಡನ್ನು ಅಲ್ಲೇ ಇಟ್ಟು ಆಡಿದ್ದರೆ ಒಂದು ಪೆಟ್ಟಿನ ದಂಡದಲ್ಲಿ ಮುಗಿಯುತ್ತಿತ್ತು. ಆದರೆ ನಾನು ಗ್ರೀನು ಬಿಟ್ಟು ಹೊರಗೆ ಕಾಲಿಟ್ಟಿದ್ದೆ, ಆಮೇಲೆ ಅದಕ್ಕೆ ಅವಕಾಶವಿಲ್ಲ. ಪಂದ್ಯದಿಂದಲೇ ಹೊರಗಾದೆ.

ವಾಪಸು ಬರುವಾಗ ಅಪ್ಪ ಕಾರು ಓಡಿಸುತ್ತಿದ್ದ. ಯಜಮಾನರು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು ಕಿಟಕಿಯಾಚೆ ನೋಡುತ್ತಿದ್ದರು. ಬಹಳ ದೂರ ಬಂದ ಮೇಲೆ, "ಮುಂದಿನ ಸಲ" ಎಂದರು. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ ಕಣ್ಣು ತಪ್ಪಿಸಿದ. ಆ "ಸಾಕು" ಬಾಯಿ ತಪ್ಪಿ ಬಂದ ಮಾತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಖುಷಿಯಲ್ಲಿ ಮೈಮರೆತು ಅಂದರೆಂದೇ ಊರೆಲ್ಲ ಹೇಳಿತು. ಅವರ ಕಣ್ಣಲ್ಲಿ ನೀರಿತ್ತಂತೆ, ನೋಡಿದವರಿದ್ದರಂತೆ. ನಾನೂ ಅದನ್ನೇ ನಂಬಿಕೊಂಡೆ. ನಂಬದೆ ಅದೇ ಕಾಂಪೌಂಡಿನಲ್ಲಿ ಬದುಕುವುದು ಹೇಗೆ?

ವನಜಾಕ್ಷಿ ಯಜಮಾನರನ್ನು ಒಂದು ಮಾತೂ ಬೈಯಲಿಲ್ಲ. "ಅವರು ಬಾಯಲ್ಲಿ ಹೇಳಿದ್ರು. ಬಗ್ಗಿದ್ದು ನಿಮ್ಮ ಬೆನ್ನು" ಎಂದಳು. ಆಮೇಲೆ ಊಟಕ್ಕೆ ಬಡಿಸಿದಳು.

ಮುಂದಿನ ಸಲ ಎಂಬುದು ಬರಲೇ ಇಲ್ಲ. ನಾನು ಆಡಿದೆ, ಹಲವು ಕಡೆ ಆಡಿದೆ. ದೂರದ ಪೆಟ್ಟುಗಳು ಹಾಗೇ ಇದ್ದವು. ಕೊನೆಯ ಗೇಣು ಬಂದಾಗ ಕಿವಿಯಲ್ಲಿ ಆ ದನಿ ಕೇಳುತ್ತಿತ್ತು, ಕೈ ಕಟ್ಟಿಹಾಕಿದಂತೆ ನಿಂತುಬಿಡುತ್ತಿತ್ತು. ಮಕ್ಕಳು ಹಾಕುವ ಚೆಂಡನ್ನು ನಾನು ತಪ್ಪಿಸತೊಡಗಿದೆ. ಯಜಮಾನರ ರೋಗವೇ ನನಗೂ ಅಂಟಿತ್ತು. ಪತ್ರಿಕೆಯವರು ಮೊದಲು ಮರುಗಿದರು, ಆಮೇಲೆ ಮರೆತರು. ನಾನು ಊರ ಮೈದಾನದ ಕ್ಲಬ್ಬಿನಲ್ಲಿ ಸಾಹೇಬರ ಹೆಂಡಂದಿರಿಗೆ ಸ್ಟಿಕ್ ಹಿಡಿಯುವುದು ಕಲಿಸುತ್ತ ಉಳಿದೆ. ಭಾನುವಾರ ಬಂದರೆ ಯಜಮಾನರ ಜೊತೆ ಆಟ. ಅವರು ನನಗೆ ಸಾಕು ಅಂದರು, ನಾನು ಅವರಿಗೆ ಸಾಕು ಅಂದೆ. ಇಬ್ಬರೂ ಕೊನೆಯ ಗೇಣು ಆಡದವರು. ಹಿತ್ತಾಳೆ ಬೀಗ ಸೀರೆಗಳ ನಡುವಿನಿಂದ ಎದ್ದು ಅಕ್ಕಿ ಪೆಟ್ಟಿಗೆಗೆ ಬಿತ್ತು.

ಅಪ್ಪ ಹೋದ, ಅಮ್ಮ ಹೋದಳು. ಮಿಲ್ಲಿನ ಚಿಮಣಿಯಲ್ಲಿ ಪಾರಿವಾಳಗಳು ಗೂಡು ಕಟ್ಟಿದವು. ಮೈದಾನವನ್ನು ಜಾಲಿ ನುಂಗುತ್ತ ಬಂದು ಬಂಗಲೆಯ ಹಿಂದಿನ ಹುಲ್ಲಿನ ಗ್ರೀನೊಂದೇ ಉಳಿಯಿತು. ಯಜಮಾನರು ಮುದುಕರಾದರು, ಊರುಗೋಲು ಹಿಡಿದು ಬಂದು ಆ ಗ್ರೀನಿನ ಸುತ್ತಲೇ ನನ್ನ ಜೊತೆ ನಾಲ್ಕು ಚೆಂಡು ತಳ್ಳಿ ಹೋಗುತ್ತಿದ್ದರು.

ಒಂದು ಭಾನುವಾರ ಬೆಳಗ್ಗೆ ಅಕ್ಕಿ ಪೆಟ್ಟಿಗೆಯ ಬೀಗದ ಕೈ ಸಿಗಲಿಲ್ಲ. ನಾನು ಕಲ್ಲು ತಂದು ಒಡೆಯಲು ಕೂತೆ. ವನಜಾಕ್ಷಿ ಪಕ್ಕದಲ್ಲಿ ಮೊರ ಹಿಡಿದು ನಿಂತಿದ್ದಳು.

"ಮೆತ್ತಗೆ ಹೊಡೀರಿ" ಎಂದಳು. "ಊರಾಚೆ ಹೋಗಬೇಕಾಗಿದ್ದ ಬೀಗ ಅದು. ಅಕ್ಕಿ ಕಾಯ್ತಾ ಕೂತು ಮುದಿಯಾಯ್ತು."

ನಗುತ್ತಲೇ ಅಂದಳು. ಅವಳ ತಲೆ ಪೂರ್ತಿ ನರೆತಿದ್ದುದನ್ನು ನಾನು ಅವತ್ತೇ ನೋಡಿದ್ದು. ಬೀಗ ಒಡೆಯಿತು. ನಾನು ಕೈ ತೊಳೆದು ಯಜಮಾನರ ಆಟಕ್ಕೆ ಹೋದೆ.

ಅವರ ಚೆಂಡು ಕುಳಿಯಿಂದ ಗೇಣು ದೂರ ಬಂದು ನಿಂತಿತು. ಅವರು ಅಭ್ಯಾಸದಂತೆ ನನ್ನತ್ತ ನೋಡಿದರು. ನಾನು ಬಾಯಿ ಬಿಡಲಿಲ್ಲ. ಅವರು ಮತ್ತೆ ನೋಡಿದರು.

"ಕೊಡಲ್ವೇನಯ್ಯ?"

"ಇಲ್ಲ ಯಜಮಾನ್ರೇ. ಆಡಿ."

ಅವರು ಮುಖ ಕೆಂಪು ಮಾಡಿಕೊಳ್ಳಬಹುದೆಂದು ಕಾದೆ. ಹಾಗಾಗಲಿಲ್ಲ. ಊರುಗೋಲನ್ನು ಹುಲ್ಲಿನ ಮೇಲೆ ಮಲಗಿಸಿ, ಚೆಂಡಿನ ಮುಂದೆ ನಿಂತರು. ತಳ್ಳಿದರು. ಚೆಂಡು ಕುಳಿಯನ್ನು ಹಾದುಹೋಯಿತು. ಆ ಕಡೆಯಿಂದ ಮತ್ತೆ ತಳ್ಳಿದರು, ಮತ್ತೆ ತಪ್ಪಿತು. ಕೊನೆಗೆ ಚೆಂಡು ಅಂಚಿನಲ್ಲಿ ನಿಂತು, ಮನಸ್ಸು ಮಾಡಿ ಒಳಗೆ ಬಿತ್ತು. ಟಣಕ್.

ಅದನ್ನು ಎತ್ತಿಕೊಡುವುದು ನನ್ನ ಕೆಲಸವಾಗಿತ್ತು. ನಾನು ಕದಲಲಿಲ್ಲ. ಅವರೇ ಮಂಡಿಯೂರಿ ಕುಳಿಯೊಳಗೆ ಕೈ ಹಾಕಿದರು. ಕೈ ಒಳಗಿದ್ದ ಹಾಗೆಯೇ, ನನ್ನ ಮುಖ ನೋಡದೆ ಮಾತಾಡಿದರು.

"ಅವತ್ತು ಬಾಯಿ ತಪ್ಪಿ ಬಂದದ್ದಲ್ಲ ಕಣಯ್ಯ."

ಕುಳಿಯೊಳಗೆ ಅವರ ಕೈ ಚೆಂಡಿಗಾಗಿ ತಡಕಾಡುತ್ತಲೇ ಇತ್ತು.

"ಎಲ್ಲರೆದುರಿಗೆ ಮಾತು ಕೊಟ್ಟಿದ್ದೆ. ನೀನು ಗೆದ್ರೆ ಕಳಿಸಲೇಬೇಕಿತ್ತು. ಆಮೇಲೆ ನಾನು ಯಾರ ಜೊತೆ ಆಡ್ಲಿ?"

ನನಗೆ ಬಂದ ಸಿಟ್ಟನ್ನು ಹೇಳಲು ಇವತ್ತಿಗೂ ಮಾತಿಲ್ಲ. ಅವರನ್ನು ಅಲ್ಲೇ ಮಂಡಿಯ ಮೇಲೆ ಬಿಟ್ಟು ಹೋಗಬೇಕೆನ್ನಿಸಿತು. ಒಂದು ಬದುಕಿಗೆ ಆಗುವಷ್ಟು ಆಟ, ವನಜಾಕ್ಷಿಯ ಕಪ್ಪು ಕೂದಲು, ಅಪ್ಪನ ಕನ್ನಡಿಯ ಕಣ್ಣು, ಎಲ್ಲವೂ ಆ ಒಂದು ಗೇಣಿನಲ್ಲಿ ಹೋಗಿತ್ತು. ಅದೂ ಯಾತಕ್ಕೆ? ಭಾನುವಾರದ ಒಬ್ಬ ಜೊತೆಗಾರನಿಗಾಗಿ. ಆದರೆ ಅವರು ಏಳಲಾಗದೆ ತಡವರಿಸುತ್ತಿದ್ದರು. ನನ್ನ ಕೈಗಳು ನನ್ನನ್ನು ಕೇಳದೆ ಹೋಗಿ ಅವರ ಕಂಕುಳಿಗೆ ಆಸರೆಯಾದವು. ಅವರು ಹಗುರವಾಗಿದ್ದರು, ಒಣಗಿದ ಕಟ್ಟಿಗೆಯ ಹಾಗೆ.

"ನಿಂದು ಇನ್ನೂ ಇದೆ" ಎಂದು ಅವರು ಗ್ರೀನಿನ ಆಚೆ ಹೋಗಿ ನಿಂತರು.

ನನ್ನ ಚೆಂಡೂ ಕುಳಿಯ ಬಳಿಯೇ ಇತ್ತು. ನಾನು ಅದರ ಮುಂದೆ ನಿಂತೆ. ಕಿವಿಯಲ್ಲಿ ಹಳೆಯ ದನಿ ಎದ್ದಿತು. ತಲೆಯೆತ್ತಿ ನೋಡಿದರೆ ಯಜಮಾನರ ತುಟಿ ಅಲುಗುತ್ತಿತ್ತು. ಆ ಮಾತು ಅಲ್ಲಿಯವರೆಗೆ ಬಂದಿತ್ತು. ಅವರು ಬಾಯಿ ಮುಚ್ಚಿಕೊಂಡರು. ನಾನು ಚೆಂಡನ್ನು ತಳ್ಳಿದೆ. ಅದು ಹುಲ್ಲಿನ ಮೇಲೆ ನಿಧಾನವಾಗಿ ಹೋಗಿ, ಅಂಚು ದಾಟಿ ಒಳಗೆ ಬಿತ್ತು. ಗೋಡೆಯಾಚೆ ನಮ್ಮ ಮನೆಗೂ ಕೇಳಿಸಿರಬೇಕು.

ನಾನು ಬಗ್ಗಿ ಚೆಂಡು ತೆಗೆದುಕೊಂಡೆ. ಗ್ರೀನಿನ ಆಚೆ ಅವರು ಆಗಲೇ ಎಡಗೈಯಲ್ಲಿ ಕರವಸ್ತ್ರ ಹಿಡಿದು ಬಲಗೈ ಚಾಚಿದ್ದರು. ನಾನು ಚೆಂಡನ್ನು ನನ್ನ ಅಂಗಿಗೆ ಒರೆಸಿ, ಜೇಬಿನಲ್ಲಿಟ್ಟುಕೊಂಡು ಮನೆಯ ಕಡೆ ನಡೆದೆ. ಗೋಡೆಯ ಬಳಿ ತಿರುಗಿ ನೋಡಿದಾಗಲೂ ಬಿಸಿಲಲ್ಲಿ ಆ ಅಂಗೈ ಹಾಗೇ ತೆರೆದಿತ್ತು.